ನಾಲ್ಕನೇ ಬೆಡ್‌ಗೆ ಎರಡು ಹೆಸರು

ಜೂನ್ 3, ಮಂಗಳವಾರ

ಇವತ್ತು ಆಫೀಸಿನಲ್ಲಿ ಬಾದಾಮಿ ರಸಪುರಿಯನ್ನು ನುಂಗಿಹಾಕಿತು. ಕಣ್ಣೆದುರೇ. ಈ ಕೆಲಸಕ್ಕೆ ಸೇರಿ ಮೂರು ತಿಂಗಳಾಗುತ್ತ ಬಂತು, ಗಾಬರಿಯಿಂದ ಕುರ್ಚಿ ಬಿಟ್ಟು ಎದ್ದದ್ದು ಇದೇ ಮೊದಲು.

ರಸಪುರಿ, ಬಾದಾಮಿ ಎಂದರೆ ಪರೀಕ್ಷೆಗೆಂದು ಮಾವಿನಹಣ್ಣಿನ ಹೆಸರಿಟ್ಟು ನಾನು ಹುಟ್ಟಿಸಿದ ಸುಳ್ಳು ರೋಗಿಗಳು. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಡಯಾಲಿಸಿಸ್ ಕೇಂದ್ರ ನಡೆಸುವ ಒಂದು ಟ್ರಸ್ಟಿಗೆ ನಾವು ಬೆಡ್ ಕಾಯ್ದಿರಿಸುವ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೇವೆ. ಬರೆಯುವವನು ಶಾಬಾಜ್. ಅದು ಎಲ್ಲಿ ಕೈಕೊಡುತ್ತದೆಂದು ಹುಡುಕುವವಳು ನಾನು. ಒಂದೇ ಬೆಡ್ ಮೇಲೆ ಇಬ್ಬರು ಒಟ್ಟಿಗೆ ಕೈಯಿಟ್ಟರೆ ಏನಾಗುತ್ತದೆ ಎಂದು ಇವತ್ತು ನೋಡಬೇಕಿತ್ತು. ನಾನು ಗುಬ್ಬಿಯ ಕೌಂಟರಾದೆ, ಶಾಬಾಜ್ ಇನ್ನೊಂದು ಕಂಪ್ಯೂಟರಿನಲ್ಲಿ ಕುಣಿಗಲ್‌ನವನಾದ. ತುಮಕೂರಿನ ಒಂದೇ ಬೆಡ್ ತೆರೆದುಕೊಂಡು "ಒಂದು, ಎರಡು, ಮೂರು" ಎಂದು ಒಟ್ಟಿಗೆ ಒತ್ತಿದೆವು. ಬಾದಾಮಿಗೆ ಬೆಡ್ ಖಚಿತವಾಗಿದೆ ಎಂದು ನನ್ನ ಪರದೆ ಹೇಳಿತು. ರಸಪುರಿಗೆ ಖಚಿತವಾಗಿದೆ ಎಂದು ಅವನದು. ಚೀಟಿಯೂ ಎರಡು ಬಂದವು. ಡೇಟಾಬೇಸ್ ತೆರೆದು ನೋಡಿದರೆ ಆ ಬೆಡ್‌ನ ಸಾಲಿನಲ್ಲಿ ಇರುವುದು ಬಾದಾಮಿ ಒಬ್ಬನೇ.

"ಇಬ್ರೂ ನೋಡ್ದಾಗ ಬೆಡ್ ಖಾಲಿ ಇತ್ತಲ್ಲಕ್ಕ," ಎಂದ ಶಾಬಾಜ್. "ನಾನು ಹೆಸರು ಬರೆದೆ, ನೀವು ಅದ್ರ ಮೇಲೆ ಬರೆದ್ರಿ. ಒಬ್ರು ಆ ಸಾಲು ಮುಟ್ಟಿದ ತಕ್ಷಣ ಲಾಕ್ ಬೀಳ್ಬೇಕು. ಅವ್ರ ಕೆಲ್ಸ ಮುಗಿಯೋವರ್ಗೂ ಇನ್ನೊಬ್ರು ಕಾಯ್ಬೇಕು. ನಾನು ಆ ಲಾಕ್ ಹಾಕಿಲ್ಲ."

ಸಿದ್ದಾರ್ಥ ಸರ್ ಬಂದು ನೋಡಿ ನಕ್ಕರು. ಆಫೀಸು ಅವರದು. "ನೀವಿಬ್ರು ಎಣಿಸ್ಕೊಂಡು ಒತ್ತಿದೀರ ಸುಮನಾ. ನಿಜವಾಗ್ಲೂ ಗುಬ್ಬೀಲೊಬ್ರು ಕುಣಿಗಲ್ಲಲ್ಲೊಬ್ರು ಒಂದೇ ಕ್ಷಣಕ್ಕೆ ಒಂದೇ ಬೆಡ್ ಒತ್ತೋದುಂಟೇನ್ರೀ? ತುರ್ತಲ್ಲ ಅಂತ ಬರೀರಿ. ಸೋಮವಾರ ಶುರು ಮಾಡ್ಲೇಬೇಕು."

ತುರ್ತಲ್ಲ ಎಂದು ಬರೆದೆ. ಕೆಲಸ ಇನ್ನೂ ಖಾಯಂ ಆಗಿಲ್ಲ. ಅಮ್ಮ ಎರಡು ವರ್ಷದಿಂದ ಅದೇ ಟ್ರಸ್ಟಿನ ಗುಬ್ಬಿ ಕೇಂದ್ರದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವುದನ್ನೂ ಇವರಿಗೆ ಹೇಳಿಲ್ಲ.

ಮನೆಗೆ ಬಂದರೆ ಸಾರಿಗೆ ಉಪ್ಪಿಲ್ಲವೆಂದು ಅಮ್ಮನ ರಗಳೆ. ಸಾಕಾಗಿ ಹೋಗಿದೆ.

ಜೂನ್ 9, ಸೋಮವಾರ

ಸಾಫ್ಟ್‌ವೇರ್ ಶುರುವಾಯಿತು. ಆಫೀಸಿನಲ್ಲಿ ಮೈಸೂರುಪಾಕು ಹಂಚಿದರು. ಗುಬ್ಬಿಯಲ್ಲಿ ಅಮ್ಮನ ಕೈಗೆ ಬೆಡ್ ನಂಬರು ಅಚ್ಚಾದ ಚೀಟಿ ಸಿಕ್ಕಿದೆ. ಅದನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿದ್ದಾಳೆ. "ನನ್ ಮಗಳು ಮಾಡಿರೋದು" ಎಂದಳಂತೆ. ಮಾಡಿದ್ದು ನಾನಲ್ಲ, ಪರೀಕ್ಷೆ ಮಾತ್ರ ಎಂದರೆ ಕೇಳುವುದಿಲ್ಲ.

ಜೂನ್ 17, ಮಂಗಳವಾರ

ಗುಬ್ಬಿಯ ಕೇಂದ್ರದಲ್ಲಿ ನೀರು ಶುದ್ಧ ಮಾಡುವ ಯಂತ್ರ ಕೆಟ್ಟಿದೆ. ಬಿಡಿಭಾಗ ಬೆಂಗಳೂರಿನಿಂದ ಬರಬೇಕಂತೆ. ಅಲ್ಲಿಯವರೆಗೆ ಗುಬ್ಬಿಯವರೆಲ್ಲ ತುಮಕೂರಿಗೇ ಹೋಗಬೇಕು. ಕುಣಿಗಲ್‌ನಲ್ಲಿ ಇರುವುದೇ ಕೆಲವು ಬೆಡ್, ಅಲ್ಲಿ ಹೆಚ್ಚಾದವರೂ ತುಮಕೂರಿಗೇ ಬರುತ್ತಾರೆ. ನಿನ್ನೆ ಅಮ್ಮನಿಗೆ ಬೆಡ್ ಸಿಗಲಿಲ್ಲ, ನಾಳೆಗೂ ಸಿಕ್ಕಿಲ್ಲ. ಕಾಲು ಊದಿಕೊಂಡಿದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಕೊಟ್ಟುಕೊಂಡು ಕೂತೇ ಇದ್ದಾಳೆ.

ಮರುದಿನದ ಬೆಡ್‌ಗಳು ಕಂಪ್ಯೂಟರಿನಲ್ಲಿ ತೆರೆಯುವುದು ಬೆಳಿಗ್ಗೆ ಎಂಟಕ್ಕೆ. ಇವತ್ತು ಗುಬ್ಬಿಯ ಕೌಂಟರಿನಲ್ಲಿ ನಿಂತು ನೋಡಿದೆ. ಗುಮಾಸ್ತ ಬೆರಳು ಮೌಸಿನ ಮೇಲಿಟ್ಟು ಗಡಿಯಾರವನ್ನೇ ದಿಟ್ಟಿಸುತ್ತಿದ್ದ. ಎಂಟಾಗುತ್ತಲೇ ಒತ್ತಿದ. ಕುಣಿಗಲ್‌ನಲ್ಲೂ ಒಬ್ಬ ಹೀಗೇ ಕೂತಿರುತ್ತಾನಲ್ಲ ಎನಿಸಿತು. ಎಣಿಸುವವರು ಬೇಕಿಲ್ಲ, ಗಡಿಯಾರವೇ ಎಣಿಸುತ್ತದೆ.

ಸರ್‌ಗೆ ಹೇಳಿದೆ. "ಮುಂದಿನ ವಾರ ನೋಡೋಣ" ಎಂದರು. ತಲೆಯಾಡಿಸಿ ಬಂದು ಕೂತೆ.

ಜೂನ್ 19, ಗುರುವಾರ



ರಜೆ ಹಾಕಿ ಅಮ್ಮನನ್ನು ತುಮಕೂರಿನ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಚೀಟಿಯಲ್ಲಿ ನಾಲ್ಕನೇ ಬೆಡ್, ಬೆಳಗಿನ ಶಿಫ್ಟ್. ಬೆಂಚಿನ ಮೇಲೆ ಬಿಳಿ ಗಡ್ಡದ ಒಬ್ಬ ಮುದುಕರು, ಪಕ್ಕದಲ್ಲಿ ಅವರ ಸೊಸೆ. ಅಮ್ಮ ಕೂತವಳೇ ಮಾತು ಶುರುಮಾಡಿದಳು. ಕುಣಿಗಲ್‌ನವರು, ದಸ್ತಗೀರ್ ಸಾಬ್, ಹಾಸಿಗೆ ಹೊಲಿಯುತ್ತಿದ್ದವರು. ಸೊಸೆ ಸಲೀಮಾ. ಅವರ ಕೈಯಲ್ಲಿದ್ದ ಚೀಟಿ ನನಗೆ ಕಂಡಿತು. ನಾಲ್ಕನೇ ಬೆಡ್, ಬೆಳಗಿನ ಶಿಫ್ಟ್, ಇವತ್ತಿನದೇ ತಾರೀಕು.

ಶಶಿಕಲಾ ಸಿಸ್ಟರ್ ಬಂದು ಕೂಗಿದರು. "ನಾಲ್ಕನೇ ಬೆಡ್, ಶಕುಂತಲಮ್ಮ."

ಸಲೀಮಾ ಎದ್ದು ನಿಂತಳು. "ನಾಲ್ಕನೇದು ನಮ್ದು ಸಿಸ್ಟರ್."

ಸಿಸ್ಟರ್ ಕಂಪ್ಯೂಟರ್ ನೋಡಿದರು. "ಇಲ್ಲಮ್ಮ. ನಿಮ್ಮ ಹೆಸರೇ ಇಲ್ಲ."

"ಚೀಟಿ ಐತಲ್ಲ, ನೋಡಿ."

"ಇದ್ಯಾವ್ದೋ ರದ್ದಾಗಿರೋ ಚೀಟಿ ಇರ್ಬೇಕು. ಸರಿಯಾಗಿ ನೋಡ್ಕೊಂಡು ಬರಬಾರ್ದೇನಮ್ಮ? ವಯಸ್ಸಾದವ್ರನ್ನ ಅಲ್ಲಿಂದ ಎಳ್ಕೊಂಡು ಬಂದಿದೀರ."

"ನಿನ್ನೆ ಎಂಟು ಗಂಟೆಗೆ ಕೊಟ್ಟಿದ್ದು ಸಿಸ್ಟರ್. ನಾನೇ ಹೋಗಿ ಇಸ್ಕೊಂಡು ಬಂದೆ."

"ಕಂಪ್ಯೂಟರ್ ಸುಳ್ಳು ಹೇಳತ್ತೇನಮ್ಮ?"

ಬೆಂಚಿನ ಮೇಲಿದ್ದವರೆಲ್ಲ ಸಲೀಮಾಳನ್ನೇ ನೋಡಿದರು. ಸುಳ್ಳು ಹೇಳುವವರನ್ನು ನೋಡುವ ಹಾಗೆ. ಅವಳ ಮುಖ ಕೆಂಪಾಯಿತು. ನನಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಬಾದಾಮಿ, ರಸಪುರಿ. ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅಮ್ಮ ನನ್ನ ಭುಜ ಹಿಡಿದು ಉಸಿರು ಎಳೆಯುತ್ತಿದ್ದಳು. ಉಳಿದ ಬೆಡ್‌ಗಳೆಲ್ಲ ತುಂಬಿದ್ದವು.

ದಸ್ತಗೀರ್ ಸಾಬರೇ ಸೊಸೆಯ ಕೈ ಹಿಡಿದು ಕೂರಿಸಿದರು. "ಬಿಡಮ್ಮ, ಜಗಳ ಬ್ಯಾಡ. ಆ ಅಕ್ಕಂಗೆ ಜಾಸ್ತಿ ತ್ರಾಸಾಗ್ತೈತೆ. ನೀವು ಹೋಗ್ರಕ್ಕ, ಮಾಡಿಸ್ಕೊಳಿ."

ಅಮ್ಮನನ್ನು ಒಳಗೆ ಕರೆದುಕೊಂಡು ಹೋದೆ. ಮಲಗಿಸಿದೆ. ಹೊರಗೆ ಬಂದಾಗ ಬೆಂಚು ಖಾಲಿ ಇತ್ತು.

ನಾನು ಬಾಯಿ ಬಿಡಲಿಲ್ಲ.

ಜೂನ್ 20, ಶುಕ್ರವಾರ

ಸರ್ವರಿನ ಲಾಗ್ ತೆಗೆದು ನೋಡಿದೆ. ಯಾವ ಕೌಂಟರ್ ಯಾವಾಗ ಏನು ಒತ್ತಿತು ಎಂಬುದೆಲ್ಲ ಅದರಲ್ಲಿ ಉಳಿದಿರುತ್ತದೆ. ಎರಡು ಸಾಲು. ಒಂದೇ ಸೆಕೆಂಡು. ಮೊದಲು ಬರೆದದ್ದು ಕುಣಿಗಲ್, ದಸ್ತಗೀರ್ ಸಾಬ್. ಅವರ ಮೇಲೆ ಬರೆದದ್ದು ಗುಬ್ಬಿ, ಶಕುಂತಲಮ್ಮ.

ಬೆಡ್ ಅವರದೇ ಆಗಿತ್ತು.

ಶಾಬಾಜ್‌ಗೆ ತೋರಿಸಿದೆ. ಮುಖ ಸುಣ್ಣದ ಹಾಗಾಯಿತು. "ಯಾರಕ್ಕ ಈ ಶಕುಂತಲಮ್ಮ?" ಎಂದು ಕೇಳಿದ. ಗುಬ್ಬಿಯ ಯಾರೋ ರೋಗಿ ಎಂದೆ.

ಮಧ್ಯಾಹ್ನ ಶಶಿಕಲಾ ಸಿಸ್ಟರ್ ಆಫೀಸಿಗೆ ಫೋನ್ ಮಾಡಿದರು. ಇವತ್ತಾದರೂ ಒಂದು ಬೆಡ್ ಕೊಡೋಣವೆಂದು ಕುಣಿಗಲ್‌ಗೆ ಕರೆ ಮಾಡಿದ್ದರಂತೆ. ದಸ್ತಗೀರ್ ಸಾಬರಿಗೆ ಬೆಳಗಿನ ಜಾವ ಶ್ವಾಸಕೋಶದಲ್ಲಿ ನೀರು ತುಂಬಿ ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ. "ನಿಜವಾಗ್ಲೂ ಅವ್ರ ಹೆಸರು ಇರ್ಲಿಲ್ವಾ ಅಂತ ಒಂದ್ಸಲ ನೋಡಿ ಹೇಳ್ರಿ. ನಂಗೆ ಊಟ ಸೇರ್ತಿಲ್ಲ," ಎಂದರು.

ಸಿದ್ದಾರ್ಥ ಸರ್ ಬಾಗಿಲು ಹಾಕಿಕೊಂಡು ನಮ್ಮಿಬ್ಬರನ್ನೂ ಕೂರಿಸಿದರು. ತೀರ ಮೆಲ್ಲಗೆ ಹೇಳಿದರು. "ಅವ್ರ ಹೆಸರು ಇವತ್ತಿನ ತಾರೀಕಿಗೆ ಸೇರಿಸ್ಬಿಡಿ. ಅವ್ರೇ ಒಂದು ದಿನ ಮುಂಚೆ ಬಂದ್ರು ಅಂತಾಗತ್ತೆ."

ಎಷ್ಟು ಸುಲಭವಾಗಿ ಹೇಳಿದರು. ಶಾಬಾಜ್ ನನ್ನ ಮುಖ ನೋಡಿದ, ನಾನು ಮೇಜು ನೋಡಿದೆ. ಇಬ್ಬರೂ ಹೂಂ ಎನ್ನಲಿಲ್ಲ. ಉಹೂಂ ಎಂದೂ ಹೇಳಲಿಲ್ಲ.

ಜೂನ್ 21, ಶನಿವಾರ

ಆಸ್ಪತ್ರೆಗೆ ಹೋಗಿದ್ದೆ. ಗೇಟಿನ ಹತ್ತಿರ ಅಭ್ಯಾಸಬಲದಿಂದ ಎಳನೀರು ಕಟ್ಟಿಸಿಕೊಂಡುಬಿಟ್ಟೆ. ಮೆಟ್ಟಿಲು ಹತ್ತುವಾಗ ನೆನಪಾಯಿತು, ಕಿಡ್ನಿ ಹೋದವರಿಗೆ ಎಳನೀರು ವಿಷ. ಎರಡು ವರ್ಷದಿಂದ ಅಮ್ಮನಿಗೆ ಒಂದು ಗುಟುಕೂ ಕೊಡದವಳು ನಾನು, ಇವತ್ತು ತಲೆ ನೆಟ್ಟಗಿಲ್ಲ. ಅಲ್ಲೇ ಕೂತಿದ್ದ ಹೆಂಗಸಿಗೆ ಕೊಟ್ಟೆ.

ದಸ್ತಗೀರ್ ಸಾಬರ ಮುಖಕ್ಕೆ ಆಕ್ಸಿಜನ್. ಎದೆ ಒಂದೇ ಸಮನೆ ಏಳುತ್ತಿತ್ತು, ಇಳಿಯುತ್ತಿತ್ತು. ಅಲ್ಲೇ ತುರ್ತಾಗಿ ಡಯಾಲಿಸಿಸ್ ಮಾಡಿದ್ದಾರೆ. ಇನ್ನೂ ಏನೂ ಹೇಳಲಾಗುವುದಿಲ್ಲ ಎಂದಿದ್ದಾರಂತೆ.

ಸಲೀಮಾ ನನ್ನ ಗುರುತು ಹಿಡಿದಳು. "ನೀವು ಗುಬ್ಬಿಯವ್ರಲ್ವಾ? ನಿಮ್ಮಮ್ಮ ಹೇಗವ್ರೆ?" ಎಂದು ಕೇಳಿದಳು. ಅದನ್ನೇ ಕೇಳಿದಳು.

ಅವಳೇ ಹೇಳಿಕೊಂಡಳು. ಅವಳ ಗಂಡ ಸಾದಿಕ್ ಲಗೇಜ್ ಆಟೊ ಓಡಿಸುತ್ತಾನೆ. ಎರಡು ದಿನದಿಂದ ಅವಳ ಜೊತೆ ಮಾತು ಬಿಟ್ಟಿದ್ದಾನೆ. "ಒಂದ್ ಚೀಟಿ ನೆಟ್ಟಗೆ ನೋಡೋಕ್ ಬರಲ್ವಾ ನಿಂಗೆ, ನಮ್ಮಪ್ಪನ್ನ ಸಾಯಿಸ್ಬುಟ್ಟಲ್ಲೇ ಅಂದ್ರು. ಎಲ್ರ ಮುಂದೆ. ನಾನು ಹತ್ತು ಸಲ ನೋಡಿದ್ದೆ ಅಕ್ಕ. ಈಗ ನಂಗೇ ಅನುಮಾನ, ನಾನೇ ಏನೋ ತಪ್ಪು ಮಾಡಿದ್ನಾ ಅಂತ."

"ತಪ್ಪು ನಿಮ್ಮದಲ್ಲ. ಕಂಪ್ಯೂಟರಿಂದ ಆಗಿರುತ್ತೆ," ಎಂದೆ.

"ಸಿಸ್ಟರ್ ಇಲ್ಲ ಅಂದ್ರಲ್ಲ," ಎಂದಳು.

ಉಳಿದದ್ದನ್ನು ಹೇಳಲಿಲ್ಲ. ಬಸ್ ಹೊತ್ತಾಯಿತೆಂದು ಎದ್ದು ಬಂದೆ. ನನ್ನ ಬಗ್ಗೆ ನನಗೇ ಹೀಗೆ ಗಾಬರಿಯಾದದ್ದು ನೆನಪಿಲ್ಲ.

ಜೂನ್ 22, ಭಾನುವಾರ

ಅಮ್ಮನಿಗೆ ಹೇಳಿಬಿಟ್ಟೆ. ಅವಳು ಹೀರೆಕಾಯಿ ಹೆರೆಯುತ್ತಿದ್ದಳು. ಕೈ ಹಾಗೇ ನಿಂತಿತು.

"ಅಂಗಂದ್ರೆ ಅವತ್ತು ನಾನು ಮಲಗಿದ್ದು ಅವ್ರ ಬೆಡ್ ಮೇಲೆ?"

"ಹೂಂ."

"ನಿಂಗೆ ಅಲ್ಲೇ ಗೊತ್ತಾಗಿತ್ತು?"

"ಹೂಂ."

"ಆವಮ್ಮನ್ನ ಅಷ್ಟು ಜನದ್ ಮುಂದೆ ಸುಳ್ಳಿ ಮಾಡ್ತಿದ್ರೆ ಕೂತ್ಕಂಡ್ ನೋಡ್ತಿದ್ದಾ?"

ನಿನಗೋಸ್ಕರ ಎಂದೆ. ಅಂದಮೇಲೆ ನಾಲಗೆ ಕಚ್ಚಿಕೊಂಡೆ. ಅಮ್ಮ ತನ್ನ ಎಡಗೈ ನೋಡಿಕೊಂಡಳು, ಸೂಜಿ ಚುಚ್ಚಿ ಚುಚ್ಚಿ ಉಬ್ಬಿಹೋದ ಕೈ. "ನನ್ ಹೆಸರು ಹೇಳ್ಬ್ಯಾಡ ಕಣೆ. ನಾನು ಕೇಳಿದ್ನಾ? ಹೇಳಿದ್ರೆ ನಾನೇ ಎದ್ದು ಬುಡ್ತಿದ್ದೆ ಅಂತ ಹೇಳ್ತಿಲ್ಲ. ನಂಗೂ ಜೀವದ ಆಸೆ ಅದೆ. ಆದ್ರೆ ಕೇಳ್ಬೇಕಿತ್ತು. ಕುಂತ್ಕಂಡು ಮಾತಾಡಿ, ಅರ್ಧರ್ಧ ಟೈಮಾದ್ರೂ ಮಾಡಿಸ್ಕಬೋದಿತ್ತೇನೋ, ಸಿಸ್ಟರ್ ಏನಾರ ದಾರಿ ನೋಡ್ತಿದ್ರೇನೋ. ನೀನು ಬಾಯೇ ಬುಡ್ದಂಗೆ ಎಲ್ಲಾರ್ ಪರ್ವಾಗೂ ನೀನೇ ತೀರ್ಮಾನ ಮಾಡ್ಬುಟ್ಟೆ."

ಉಪ್ಪಿಲ್ಲದ ಹೀರೆಕಾಯಿ ಪಲ್ಯವನ್ನು ತುಟಿಪಿಟಕ್ಕೆನ್ನದೆ ತಿಂದಳು.

ಜೂನ್ 23, ಸೋಮವಾರ

ಡಯಾಲಿಸಿಸ್ ಮುಗಿಸಿ ಸುಸ್ತಾಗಿದ್ದರೂ ಅಮ್ಮ ಆಸ್ಪತ್ರೆಗೆ ಬರುತ್ತೇನೆಂದು ಹಟ ಹಿಡಿದಳು. ಆಟೊದಲ್ಲಿ ಹೋದೆವು. ದಸ್ತಗೀರ್ ಸಾಬರ ಆಕ್ಸಿಜನ್ ತೆಗೆದಿದ್ದರು. ಮಾತಾಡುವಷ್ಟು ಶಕ್ತಿ ಇರಲಿಲ್ಲ, ಆದರೆ ಅಮ್ಮನನ್ನು ಕಂಡು ಕೈಯೆತ್ತಿದರು. ಅಮ್ಮ ಅವರ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು.

ಸಲೀಮಾಳನ್ನು ಕಾರಿಡಾರಿಗೆ ಕರೆದು ಎಲ್ಲ ಹೇಳಿದೆ. ಆ ಸಾಫ್ಟ್‌ವೇರನ್ನು ಪರೀಕ್ಷೆ ಮಾಡುವವಳು ನಾನೇ. ಹೀಗಾಗುತ್ತದೆಂದು ಮೊದಲೇ ಗೊತ್ತಿತ್ತು. ತುರ್ತಲ್ಲ ಎಂದು ಬರೆದವಳು ನಾನು. ಮೊದಲು ಬಂದದ್ದು ನಿಮ್ಮ ಮಾವನ ಹೆಸರು. ಅವತ್ತು ಬೆಂಚಿನ ಮೇಲೆ ಕೂತಾಗಲೇ ನನಗೆ ತಿಳಿದಿತ್ತು.

ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಫೋನ್ ತೆಗೆದು ನಂಬರ್ ಒತ್ತಿ ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು.

"ನಮ್ಮನೆಯವ್ರು. ಈಗ ನಂಗೆ ಹೇಳಿದ್ದನ್ನ ಅವ್ರಿಗೂ ಹೇಳಿ. ಒಂದಕ್ಷರ ಬಿಡ್ಬೇಡಿ."

"ಹಲೋ" ಎಂದಿತು ಆ ಕಡೆ. ಹಿಂದೆ ಆಟೊದ ಸದ್ದು. ಹೇಳಿದೆ. ಮಧ್ಯೆ ದನಿ ನಿಂತಾಗ ಸಲೀಮಾ ಫೋನನ್ನು ಇನ್ನೂ ಹತ್ತಿರ ತಂದಳು. ಮುಗಿದ ಮೇಲೆ ಆಟೊದ ಎಂಜಿನ್ ಆರಿಸಿದ ಸದ್ದು ಕೇಳಿಸಿತು. "ಸಲೀಮಾಗೆ ಕೊಡಿ ಫೋನು" ಎಂದ ಸಾದಿಕ್.

ಅವಳು ಸ್ಪೀಕರ್ ಆರಿಸಿ ಕಿಟಕಿಯ ಕಡೆ ತಿರುಗಿದಳು. ಮನೆಮಾತಿನಲ್ಲಿ ಏನೋ ಹೇಳಿದಳು. ಆಗ ಅತ್ತಳು, ಆಗ ಮಾತ್ರ.

ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಅಮ್ಮನನ್ನು ಮಾತ್ರ ಕೈ ಹಿಡಿದು ಮೆಟ್ಟಿಲಿಳಿಸಿ ಆಟೊವರೆಗೆ ಬಿಟ್ಟುಹೋದಳು.

ಜೂನ್ 24, ಮಂಗಳವಾರ

ಟ್ರಸ್ಟಿನ ಕಾರ್ಯದರ್ಶಿ ವೆಂಕಟರಂಗಯ್ಯನವರು ಆಫೀಸಿಗೆ ಬಂದಿದ್ದರು. ಸಿಸ್ಟರ್ ಅವರಿಗೆ ದೂರು ಕೊಟ್ಟಿದ್ದಾರೆ. ಸಿದ್ದಾರ್ಥ ಸರ್, "ರೋಗಿಯ ಕಡೆಯವರು ದಿನ ತಪ್ಪಿ…" ಎಂದು ಶುರುಮಾಡಿದರು.

ಇಲ್ಲ ಸರ್ ಎಂದೆ. ಲಾಗ್ ತೆರೆದು ತೋರಿಸಿದೆ. ಬೆಡ್ ಪಡೆದ ಶಕುಂತಲಮ್ಮ ನನ್ನ ತಾಯಿ ಎಂದೂ ಹೇಳಿದೆ. ಸರ್ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಶಾಬಾಜ್ ಎದ್ದು ಬಂದು ನನ್ನ ಕುರ್ಚಿಯ ಪಕ್ಕ ನಿಂತ. "ಲಾಕ್ ಹಾಕ್ದೆ ಬಿಟ್ಟಿದ್ದು ನಾನು ಸರ್," ಎಂದ.

ವೆಂಕಟರಂಗಯ್ಯನವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ, "ಇನ್ನೂ ಎಷ್ಟು ಜನಕ್ಕೆ ಹಿಂಗಾಗಿದೆ?" ಎಂದು ಕೇಳಿದರು. ಆ ಪ್ರಶ್ನೆ ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ಸಂಜೆವರೆಗೆ ಲಾಗ್ ಜಾಲಾಡಿದೆವು. ಇನ್ನೂ ಇಬ್ಬರು ಸಿಕ್ಕರು. ಒಬ್ಬರು ಗುಬ್ಬಿ ಹತ್ತಿರದ ಕಡಬದವರು, ಇನ್ನೊಬ್ಬರು ಕುಣಿಗಲ್ ಕಡೆಯ ಹುತ್ರಿದುರ್ಗದವರು. ಇಬ್ಬರೂ ಏನೂ ಕೇಳದೆ ವಾಪಸ್ ಹೋಗಿ ಮರುದಿನ ಬಂದಿದ್ದಾರೆ. ತಮ್ಮದೇ ತಪ್ಪೆಂದುಕೊಂಡಿರಬೇಕು.

ಸರಿಹೋಗುವವರೆಗೆ ಸಾಫ್ಟ್‌ವೇರ್ ನಿಲ್ಲಿಸಿದ್ದಾರೆ. ಬೆಡ್ ಹಂಚುವುದೆಲ್ಲ ಫೋನಿನಲ್ಲೇ. ಸರ್ ಹೊರಡುವಾಗ, "ನಿಮ್ಮ ತಾಯಿ ಅಂತ ಮೊದ್ಲೇ ಹೇಳ್ಬಾರ್ದಾಗಿತ್ತಾ?" ಎಂದರು. ಬೇರೆಯವರ ತಾಯಿಯಾಗಿದ್ದರೆ ತುರ್ತಲ್ಲವೇ ಸರ್ ಎಂದು ಕೇಳಿದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಊಟ ಮಾಡದೆ ಪಿತ್ತ ಏರಿರಬೇಕು.

ಜೂನ್ 28, ಶನಿವಾರ

ಶಾಬಾಜ್ ಲಾಕ್ ಹಾಕಿದ್ದಾನೆ. ಎಷ್ಟು ಸಲ ಒತ್ತಿದರೂ ಒಬ್ಬರಿಗೇ ಬೆಡ್. ಇನ್ನೊಬ್ಬರಿಗೆ "ಈ ಬೆಡ್ ಬೇರೆಯವರಿಗೆ ಹೋಗಿದೆ" ಎಂಬ ಸಂದೇಶ.

ಮುಗಿಯಿತೆಂದು ಸರ್ ಎದ್ದರು. ಕೂತ್ಕೊಳ್ಳಿ ಸರ್ ಎಂದೆ. ಇಬ್ಬರು ರೋಗಿಗಳು ಪರಸ್ಪರ ಬೆಡ್ ಬದಲಿಸಿಕೊಳ್ಳುವುದನ್ನು ನೋಡಿರಲಿಲ್ಲ. ನಾನು ಒಂದನೇ ಬೆಡ್ ಹಿಡಿದು ಎರಡನೆಯದನ್ನು ಕೇಳಿದೆ. ಶಾಬಾಜ್ ಎರಡನೆಯದನ್ನು ಹಿಡಿದು ಒಂದನೆಯದನ್ನು ಕೇಳಿದ. ಅವನು ಬಿಡಲೆಂದು ನಾನು, ನಾನು ಬಿಡಲೆಂದು ಅವನು. ಎರಡೂ ಪರದೆ ಕಲ್ಲಾದವು. ಕೊನೆಗೆ ಡೇಟಾಬೇಸೇ ನನ್ನ ಕೋರಿಕೆಯನ್ನು ಕಿತ್ತೆಸೆದು ಅವನದನ್ನು ಮುಗಿಸಿತು. ಆದರೆ ನನ್ನ ಪರದೆಯಲ್ಲಿ ಅದರ ಸುಳಿವೇ ಇಲ್ಲ, ಸುಮ್ಮನೆ ಬೆಳ್ಳಗಾಯಿತು. ಕೌಂಟರಿನವರು ಆಯಿತೆಂದುಕೊಂಡು ರೋಗಿಯನ್ನು ಬಸ್ ಹತ್ತಿಸಿಬಿಡುತ್ತಿದ್ದರು.

"ಇದೂ ಇತ್ತಾ!" ಎಂದು ಸರ್ ಗೋಡೆ ಹಿಡಿದುಕೊಂಡರು. ತುರ್ತು ಎಂದು ಬರೆದೆ. ಯಾರನ್ನೂ ಕೇಳಲಿಲ್ಲ.

ದಸ್ತಗೀರ್ ಸಾಬರು ಮನೆಗೆ ಹೋದರೆಂದು ಸಿಸ್ಟರ್ ಹೇಳಿದರು. ಸಿಸ್ಟರೇ ಸಲೀಮಾಳ ಕ್ಷಮೆ ಕೇಳಿಕೊಂಡರಂತೆ.

ಜುಲೈ 2, ಬುಧವಾರ

ಬೆಳ್ಳಗಾಗುವ ಪರದೆಯನ್ನೂ ಸರಿಮಾಡಿ ಇವತ್ತು ಸಾಫ್ಟ್‌ವೇರ್ ಮತ್ತೆ ಶುರು. ಮೊದಲ ಬೆಳಗನ್ನು ಕಣ್ಣಾರೆ ನೋಡಬೇಕೆಂದು ವೆಂಕಟರಂಗಯ್ಯನವರು ಹೇಳಿದ್ದರು. ಗುಬ್ಬಿಯ ಕೌಂಟರಿನಲ್ಲಿ ನಾನು, ಕುಣಿಗಲ್‌ನಲ್ಲಿ ಶಾಬಾಜ್. ಗುಬ್ಬಿಯ ಯಂತ್ರ ಇನ್ನೂ ರಿಪೇರಿಯಾಗಿಲ್ಲ. ಸಾಲಿನಲ್ಲಿ ಅಮ್ಮನೂ ಇದ್ದಳು, ನಾಳೆಯ ಬೆಳಗಿನ ಶಿಫ್ಟಿಗೆ. ಕಾಲು ಮತ್ತೆ ಊದಿದೆ.

ಎಂಟಾಯಿತು. ಗುಮಾಸ್ತ ಒತ್ತಿದ. ಪರದೆ ಒಂದು ಕ್ಷಣ ಕಾಯಿತು. ಆ ಕಡೆ ಯಾರೋ ಹಿಡಿದಿದ್ದಾರೆ. ಆಮೇಲೆ ಬಂತು: "ಈ ಬೆಡ್ ಬೇರೆಯವರಿಗೆ ಹೋಗಿದೆ." ಮೇಲೆ ಅಮ್ಮನ ಹೆಸರು. ಬೆಳಗಿನ ಶಿಫ್ಟಿನಲ್ಲಿ ಅದೇ ಕೊನೆಯದು.

ಸರಿಯಾಗಿದೆ, ಸರಿಯಾಗಿದೆ ಎಂದು ಜೋರಾಗಿ ಕೂಗಿಬಿಟ್ಟೆ. ಸಾಲಿನವರೆಲ್ಲ ತಿರುಗಿ ನೋಡಿದರು. ನಗುತ್ತಿದ್ದೆ. ನನ್ನಮ್ಮನಿಗೆ ಬೆಡ್ ಸಿಗಲಿಲ್ಲವೆಂದು ನಗುತ್ತಿದ್ದೇನೆ ಎಂದು ಗೊತ್ತಾದಾಗ ಅಲ್ಲೇ ಕೌಂಟರಿಗೆ ತಾಗಿದ್ದ ಬೆಂಚಿನ ಮೇಲೆ ಕೂತೆ.

ಗುಮಾಸ್ತ ಹುಡುಕಿ ನಾಳೆ ಮಧ್ಯಾಹ್ನದ ಶಿಫ್ಟಿನಲ್ಲಿ ಒಂದು ಬೆಡ್ ಹಿಡಿದುಕೊಟ್ಟ. ಅಷ್ಟರಲ್ಲಿ ಶಾಬಾಜ್‌ನ ಫೋನು. "ಅಕ್ಕ, ಇಲ್ಲಿ ಸಲೀಮಾ ಅವ್ರು ಇದಾರೆ. ಚೀಟಿ ತಗೊಂಡ್ರು. ಆದ್ರೆ ನನ್ನ ಮಾತು ನಂಬ್ತಿಲ್ಲ. ನಿಮ್ಮ ಬಾಯಲ್ಲೇ ಕೇಳ್ಬೇಕಂತೆ."

ಅವಳ ದನಿ ಬಂತು. "ಈ ಸಲ ನಮ್ ಮಾವನ ಹೆಸರು ಅದ್ರೊಳ್ಗೆ ಇದ್ಯಾ?"

ಪರದೆಯನ್ನು ಹತ್ತಿರಕ್ಕೆಳೆದುಕೊಂಡು ಆ ಬೆಡ್‌ನ ಸಾಲನ್ನು ಪೂರ್ತಿ ಓದಿ ಹೇಳಿದೆ. ಇದೆ, ಅವರದೊಂದೇ ಇದೆ ಎಂದೆ.

"ಸರಿ," ಎಂದಳು. ಫೋನ್ ಇಡಲಿಲ್ಲ. "ನಿಮ್ಮಮ್ಮಂಗೆ ಸಿಕ್ತಾ?" ಎಂದು ಕೇಳಿದಳು.

"ಮಧ್ಯಾಹ್ನದ್ದು ಸಿಕ್ತು."

"ಹಂಗಾದ್ರೆ ನಾವು ಹೊರಡೋ ಹೊತ್ಗೆ ಅವ್ರು ಬರ್ತಾರೆ. ಮಾವಂಗೆ ಹೇಳ್ತೀನಿ," ಎಂದು ಇಟ್ಟಳು.

ಅಮ್ಮ ಸಾಲಿನಿಂದ ಆಚೆ ಬಂದು ಯಾರದು ಎಂದಳು. ಕುಣಿಗಲ್‌ನವರದು, ಬೆಳಗಿನ ಬೆಡ್ ಅವರಿಗೆ ಹೋಯಿತು ಎಂದೆ. ಅಮ್ಮ ಬೆಂಚಿನ ಅಂಚು ಹಿಡಿದು ನಿಧಾನವಾಗಿ ನನ್ನ ಪಕ್ಕ ಕೂತಳು. ಉಸಿರು ಹತೋಟಿಗೆ ಬರಲು ಸ್ವಲ್ಪ ಹೊತ್ತು ಬೇಕಾಯಿತು.

"ಹೋಗ್ಲಿ ಬುಡು. ಅವ್ರು ಮೊದ್ಲು ಬಂದವ್ರೆ," ಎಂದಳು. "ಮಧ್ಯಾನ ಗಂಟ ಕಾಯ್ತೀನಿ."